ಒಲೆಯ ಮೇಲೆ ಒಣಗಿಸಿದ ಬ್ಯಾಟರಿ

ನಮ್ಮ ಓಣಿಯ ಬೆಕ್ಕುಗಳಿಗೆ ಈಗೀಗ ರಸ್ತೆ ದಾಟಲು ಬರುವುದಿಲ್ಲ. ಮೊದಲಾದರೆ ಕಂಪೌಂಡಿನ ಗೋಡೆಯ ಮೇಲೆ ಕಣ್ಣು ಮುಚ್ಚಿ ಮಲಗಿದ್ದಲ್ಲೇ ಅವಕ್ಕೆ ಎಲ್ಲ ತಿಳಿಯುತ್ತಿತ್ತು. ಇದು ಮೀನಿನ ಟೆಂಪೋ, ಇಳಿಯಬೇಕು. ಇದು ಗ್ಯಾಸಿನ ಆಟೋ, ಇಳಿದು ಪ್ರಯೋಜನವಿಲ್ಲ. ಸದ್ದಿಲ್ಲದ ಕರೆಂಟಿನ ಗಾಡಿಗಳು ಬಂದ ಮೇಲೆ ಪಾಪದವು ನಡುರಸ್ತೆಯಲ್ಲಿ ನಿಂತು ಆ ಕಡೆ ಒಮ್ಮೆ ಈ ಕಡೆ ಒಮ್ಮೆ ನೋಡುತ್ತವೆ. ನಾನೂ ಹಾಗೆಯೇ ನೋಡುತ್ತೇನೆ. ಎಪ್ಪತ್ತು ದಾಟಿದ ಹೆಂಗಸು, ಕಣ್ಣಿಗಿಂತ ಕಿವಿಯನ್ನು ನಂಬಿ ನಡೆದವಳು. ಈಗ ಕಿವಿ ಇದ್ದೂ ಕೆಲಸವಿಲ್ಲದೆ ಕೂತಿದೆ.

ಇದನ್ನು ಓದಿ ನಾನು ಹೊಸದನ್ನೆಲ್ಲ ಬೈಯುವ ಮುದುಕಿ ಎಂದು ತಿಳಿಯಬೇಡಿ. ಗ್ರೈಂಡರ್ ಬಂದ ದಿನವೇ ಕಡೆಯುವ ಕಲ್ಲನ್ನು ಹಿತ್ತಿಲಿಗೆ ಉರುಳಿಸಿದವಳು ನಾನು. ಅಂಗಡಿಯಲ್ಲಿ ಬಿಲ್ಲು ಕೊಟ್ಟು, ನಂಬರ್ ಪ್ಲೇಟು ಹಾಕಿ ಮಾರುವ ಕರೆಂಟಿನ ಸ್ಕೂಟರುಗಳ ವಿಷಯ ನನಗೆ ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ಬರೆಯುವುದಿಲ್ಲ. ನನಗೆ ಗೊತ್ತಿರುವುದು ಬಜಪೆ ಕಡೆಯ ಒಂದು ಶೆಡ್ಡಿನಲ್ಲಿ ಕಟ್ಟಿ, ಫೋನಿನಲ್ಲಿ ಫೋಟೋ ಹಾಕಿ ಮಾರಿದ ಗಾಡಿಯ ವಿಷಯ. ಅಂಥದ್ದು ಎರಡು ನಮ್ಮ ಉಳ್ಳಾಲದ ಓಣಿಗೆ ಬಂದವು. ಒಂದನ್ನು ನನ್ನ ಮಗಳು ತಂದಳು. ಇನ್ನೊಂದನ್ನು ನನ್ನ ಮಾತು ಕೇಳಿ ಗ್ರೇಸಿಬಾಯಿ ತಂದಳು.

ಮಗಳು ಶಶಿಕಲಾ ಬಲ್ಮಠದ ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ ಕೆಲಸ ಮಾಡುತ್ತಾಳೆ. ಅಳಿಯ ದಾಮೋದರ ಮೀನಿನ ಬೋಟಿಗೆ ಹೋಗುವವನು. ಅವನು ಇರುವುದು ನಮ್ಮ ಮನೆಯಲ್ಲೇ. ನಮ್ಮ ಕಡೆ ಅದರಲ್ಲಿ ವಿಶೇಷವೇನೂ ಇಲ್ಲ. ನಾನು ಹದಿನಾಲ್ಕನೇ ವಯಸ್ಸಿನಿಂದ ಬೀಡಿ ಕಟ್ಟುತ್ತಾ ಬಂದವಳು, ಈಗಲೂ ಕಟ್ಟುತ್ತೇನೆ. ಮೂರು ಜನ, ಮೂರು ಹೊತ್ತು ಗಂಜಿ, ಒಂದು ಟಿವಿ. ಇಂಥ ಮನೆಗೆ ಆ ಗಾಡಿ ಬಂದದ್ದು ಶಶಿಗೆ ಬೆಳಗಿನ ಶಿಫ್ಟಿಗೆ ಹೊತ್ತಿಗೆ ಸರಿಯಾಗಿ ಮುಟ್ಟಬೇಕಿತ್ತು ಎಂಬ ಒಂದೇ ಕಾರಣಕ್ಕೆ. ಫೋನಿನ ವಿಡಿಯೋದಲ್ಲಿ ಒಬ್ಬ ಎರಡೂ ಕೈ ಬಿಟ್ಟು ಅದನ್ನು ಓಡಿಸುತ್ತಿದ್ದ. ಕೈ ಬಿಟ್ಟು ಓಡಿಸುವ ಗಾಡಿ ಮನುಷ್ಯರಿಗೆ ಯಾಕೆ ಎಂದು ನಾನು ಆಗಲೇ ಕೇಳಬಹುದಿತ್ತು. ಕೇಳಲಿಲ್ಲ. ಇನ್ನೊಮ್ಮೆ ಹಾಕು ಎಂದೆ.

ಗಾಡಿ ಕಟ್ಟಿದವನ ಹೆಸರು ಪ್ರವೀಣ. ದುಬೈಯಲ್ಲಿ ಎ.ಸಿ. ರಿಪೇರಿ ಮಾಡುತ್ತಿದ್ದವನು ಕೆಲಸ ಹೋಗಿ ಊರಿಗೆ ಬಂದು ಈ ಕೈಗಾರಿಕೆ ಹಿಡಿದಿದ್ದ. ತಾನೇ ಟೆಂಪೋದಲ್ಲಿ ಗಾಡಿ ಹೇರಿಕೊಂಡು ಬಂದ. ಒಳ್ಳೆಯ ಹುಡುಗ, ಬಂದವನೇ ನನ್ನ ಕಾಲು ಮುಟ್ಟಿದ. ಚಕ್ರದಡಿ ಲಿಂಬೆಹಣ್ಣು ಇಟ್ಟ, ಹ್ಯಾಂಡಲಿಗೆ ಗಂಧ ಹಚ್ಚಿದ. ಸೈಕಲಿನ ಮೈ, ಮೊಪೆಡ್ಡಿನ ಸೀಟು, ನಡುವೆ ನೀಲಿ ಪ್ಲಾಸ್ಟಿಕ್ಕು ಸುತ್ತಿ ಟೇಪು ಬಿಗಿದ ಒಂದು ಪೆಟ್ಟಿಗೆ, ಅದೇ ಬ್ಯಾಟರಿ. ಸೀಟಿನ ಕೆಳಗೆ ಕೈ ಹಾಕಿದರೆ ಒಂದು ಕೆಂಪು ಸ್ವಿಚ್ಚು ಸಿಗುತ್ತದೆ. ಅದನ್ನು ಮುಟ್ಟದಿದ್ದರೆ ಗಾಡಿ ಸೈಕಲಿನ ಹಾಗೆ ಹೋಗುತ್ತದೆ. ಮುಟ್ಟಿದರೆ ಎಕ್ಸ್‌ಪ್ರೆಸ್ ಬಸ್ಸಿನ ಜೊತೆ ಓಡುತ್ತದೆ. ಬ್ರೇಕು ಮಾತ್ರ ಎರಡಕ್ಕೂ ಒಂದೇ, ಸೈಕಲಿನದ್ದು.

"ಲೈಸೆನ್ಸ್ ಬೇಡ, ನಂಬರ್ ಬೇಡ ಅಕ್ಕ. ಪೊಲೀಸರು ಕೈ ತೋರಿಸಿದ್ರೆ ಸ್ವಿಚ್ ಆಫ್ ಮಾಡಿ, ಸೈಕಲ್ ಅಂತ ಹೇಳಿ. ಅಷ್ಟೇ."

"ಬಿದ್ರೆ ಯಾವ ಸ್ವಿಚ್ ಆಫ್ ಮಾಡ್ಬೇಕು?" ಎಂದೆ ನಾನು.

"ಅಜ್ಜಿ ಭಾರೀ ಜೋರುಂಟಲ್ಲ ಮಾರ್ರೆ!" ಎಂದು ಅವನು ನಕ್ಕ. ನಾನೂ ನಕ್ಕೆ. ಜಾಣತನದ ಮಾತಾಡಿದೆ ಎಂಬ ಸಂತೋಷದಲ್ಲಿ ಉತ್ತರ ಕೇಳುವುದನ್ನೇ ಮರೆತೆ.

ಹದಿನೈದು ದಿನದೊಳಗೆ ನೇತ್ರಾವತಿ ಸೇತುವೆಯ ಮೇಲೆ ಆ ಗಾಡಿ ಶಶಿಯ ಮಾತು ಕೇಳುವುದನ್ನು ಬಿಟ್ಟಿತು. ತಿರುಗಿಸಿದ ಎಕ್ಸಲೇಟರು ಹಿಂದೆ ಬರಲಿಲ್ಲ. ಎದುರಿಗೆ ಮೀನಿನ ಲಾರಿ, ಪಕ್ಕದಲ್ಲಿ ಕಂಟೇನರು, ಕೆಳಗೆ ಹೊಳೆ. ಅವಳು ಹೇಗೋ ಕೀ ತಿರುಗಿಸಿ, ಸೇತುವೆಯ ಕಟ್ಟೆಗೆ ಮೊಣಕೈ ಉಜ್ಜಿಕೊಂಡು ನಿಂತಳು. ಪ್ರವೀಣನಿಗೆ ಫೋನು ಮಾಡಿದರೆ, "ಪವರ್ ಸ್ವಲ್ಪ ಜಾಸ್ತಿ ಉಂಟು ಅಕ್ಕ, ಅಭ್ಯಾಸ ಆಗ್ತದೆ" ಎಂದ. ನಾವೂ ಅಭ್ಯಾಸ ಮಾಡಿಕೊಂಡೆವು. ಮೊಣಕೈಗೆ ಅರಸಿನ ಹಚ್ಚಿದೆವು.

ಇಷ್ಟೆಲ್ಲ ಆದ ಮೇಲೆಯೂ ನಾನು ಗ್ರೇಸಿಬಾಯಿಗೆ ಆ ಗಾಡಿಯನ್ನು ಹೊಗಳಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಗ್ರೇಸಿಬಾಯಿ ಜೆಪ್ಪುವಿನಲ್ಲಿ ಚಿಕ್ಕ ಮಕ್ಕಳ ಟೀಚರು, ನಮ್ಮಿಂದ ನಾಲ್ಕನೇ ಮನೆ, ಒಬ್ಬಳೇ ಇರುವವಳು. ಅವಳ ತಾಯಿ ಮತ್ತು ನಾನು ಒಂದೇ ಜಗಲಿಯಲ್ಲಿ ಕೂತು ಬೀಡಿ ಕಟ್ಟಿದವರು. ಗ್ರೇಸಿ ಆಗ ನಮ್ಮ ನಡುವೆ ಕೂತು ಎಲೆ ಕತ್ತರಿಸುತ್ತಾ ಮಗ್ಗಿ ಹೇಳುತ್ತಿದ್ದಳು, ಪುಸ್ತಕದ ಅಕ್ಷರ ತೋರಿಸಿ ಓದುತ್ತಿದ್ದಳು. ನಾನು ಪೇಪರು ಓದುವಷ್ಟು ಕಲಿತದ್ದು ಹಾಗೆ, ಅವಳಿಂದ. ಈಗ ಅವಳಿಗೆ ಐವತ್ತೈದು, ಮೊಣಕಾಲಿನ ಸವೆತ. ಒಂದು ದಿನ ಮೆಟ್ಟಿಲಲ್ಲಿ ಕಾಲು ನೀವಿಕೊಳ್ಳುತ್ತಾ, "ಬಸ್ಸಲ್ಲಿ ನಿಂತು ನಿಂತು ಸಾಕಾಯ್ತು ಕಮಲಕ್ಕ" ಎಂದಳು. ನಾನು, "ಶಶಿಯದ್ದರ ಹಾಗಿನದ್ದೇ ಒಂದು ತಗೋ, ಕಾಲು ಊರುವ ಕೆಲಸ ಇಲ್ಲ, ರಾಣಿಯ ಹಾಗೆ ಹೋಗಬಹುದು" ಎಂದೆ. ಸೇತುವೆಯ ಸುದ್ದಿ ಹೇಳಲಿಲ್ಲ. ನಮ್ಮ ಮನೆಯ ಗಾಡಿಯ ದೂರನ್ನು ಊರಿಗೆ ಯಾಕೆ ಹೇಳುವುದು ಎಂಬ ಅಹಂಕಾರ. ಅವಳು ತಗೊಂಡಳು. ಫ್ರಾಕಿನ ಮೇಲೆ ರೇನ್‌ಕೋಟು ಹಾಕಿ ಅದರ ಮೇಲೆ ಕೂತು ಹೋಗುವಾಗ ನಿಜಕ್ಕೂ ರಾಣಿಯ ಹಾಗೆಯೇ ಕಾಣುತ್ತಿದ್ದಳು.

ಆಮೇಲೆ ಆಷಾಢದ ಮಳೆ ಹಿಡಿಯಿತು. ಮಂಗಳೂರಿನ ಮಳೆಗಾಲದಲ್ಲಿ ಒದ್ದೆಯಾಗದ್ದು ಯಾವುದೂ ಇಲ್ಲ, ಒದ್ದೆಯಾದದ್ದು ತಾನಾಗಿ ಒಣಗುವುದೂ ಇಲ್ಲ. ಹಾಗಾಗಿ ನಮಗೆಲ್ಲ ಬಚ್ಚಲಿನ ಒಲೆಯೇ ಬಿಸಿಲು. ಹಂಡೆಯ ಪಕ್ಕ, ಕೆಂಡದ ಕಾವು ತಾಗುವಷ್ಟು ಎತ್ತರದಲ್ಲಿ ಒಂದು ಬಿದಿರಿನ ತಟ್ಟಿ. ಅದರ ಮೇಲೆ ಶಾಲೆಯ ಯೂನಿಫಾರ್ಮು ಒಣಗುತ್ತದೆ, ಹಪ್ಪಳ ಒಣಗುತ್ತದೆ, ಕಟ್ಟಿದ ಬೀಡಿ ಒಣಗುತ್ತದೆ. ಬೀಡಿಯನ್ನು ಒಣಗಿಸುವುದು ಸುಲಭದ ಕೆಲಸವಲ್ಲ. ಕಾವು ಕಡಿಮೆಯಾದರೆ ಬೂಸಲು, ಹೆಚ್ಚಾದರೆ ಎಲೆ ಒಡೆಯುತ್ತದೆ. ಅಂಗೈ ಹಿಡಿದು ನೋಡಿ ಬೂದಿ ಎಳೆಯಬೇಕು. ಆ ಅಂದಾಜಿನಲ್ಲಿ ನನ್ನನ್ನು ಮೀರಿಸಿದವರು ಈ ಓಣಿಯಲ್ಲಿ ಇರಲಿಲ್ಲ ಎಂಬ ಜಂಬ ನನಗಿತ್ತು.

ಒಂದು ಸಂಜೆ ಪಂಪ್‌ವೆಲ್ಲಿನಲ್ಲಿ ಮೊಣಕಾಲು ಮಟ್ಟ ನೀರು. ಶಶಿ ಗಾಡಿಯನ್ನು ಆ ನೀರಿನಲ್ಲಿ ತಳ್ಳಿ, ಅಲ್ಲಿಂದ ಮನೆಯವರೆಗೂ ತಳ್ಳಿಕೊಂಡೇ ಬಂದಳು. ಮಳೆಗಾಲದಲ್ಲಿ ಬೋಟು ಕಟ್ಟಿಹಾಕುವುದರಿಂದ ದಾಮೋದರ ಮನೆಯಲ್ಲಿದ್ದ. ನೀಲಿ ಪೆಟ್ಟಿಗೆಯನ್ನು ಬಿಚ್ಚಿ ಒಳಗೆ ತಂದ. ಓರೆ ಮಾಡಿದರೆ ಒಳಗಿಂದ ನೀರು ಸುರಿಯಿತು. ಪ್ರವೀಣನಿಗೆ ಫೋನು ಮಾಡಿದ. ಫೋನು ಸ್ಪೀಕರಿನಲ್ಲಿತ್ತು, ನಾನೂ ಕೇಳಿದೆ.

"ಅದಕ್ಕೆಂತ ಆಗುದಿಲ್ಲ ಅಣ್ಣ. ಚೆಂದ ಮಾಡಿ ಒಣಗಿಸಿ, ಮತ್ತೆ ಚಾರ್ಜಿಗೆ ಹಾಕಿ."

ಒಣಗಿಸುವುದು ಎಂದ ಮೇಲೆ ಅದು ನನ್ನ ಇಲಾಖೆ. ಪೆಟ್ಟಿಗೆಯನ್ನು ಹಳೆಯ ಸೀರೆಯಲ್ಲಿ ಒರೆಸಿ, ತಟ್ಟಿಯ ಮೇಲಿನ ಬೀಡಿಯನ್ನು ಒಂದು ಬದಿಗೆ ಸರಿಸಿ, ಅಲ್ಲಿ ಇಟ್ಟೆ. ಬೆಂಕಿ ಇರಲಿಲ್ಲ, ಕೆಂಡ ಮಾತ್ರ. ಅದಕ್ಕೂ ಬೂದಿ ಮುಚ್ಚಿದೆ. ಅಂಗೈ ಹಿಡಿದು ನೋಡಿದೆ. ಬೀಡಿಗೆ ಸರಿಯಾದ ಕಾವು.

ಬೆಳಿಗ್ಗೆ ಪೆಟ್ಟಿಗೆ ಗರಿಗರಿ ಒಣಗಿತ್ತು. ದಾಮೋದರ ಅದನ್ನು ಜಗಲಿಯಲ್ಲಿ ಚಾರ್ಜಿಗೆ ಹಾಕಿ ಪಕ್ಕದಲ್ಲೇ ಬಲೆ ಹೊಲಿಯುತ್ತಾ ಕೂತ. ನಾನು ತೆಂಗಿನಕಾಯಿ ಹೆರೆಯುತ್ತಿದ್ದೆ. ಮೊದಲು ಒಂದು ಸಿಳ್ಳೆಯ ಸದ್ದು ಬಂತು, ಕುಕ್ಕರ್ ಎಂದುಕೊಂಡೆ. ಆಮೇಲೆ ಬಿಳಿ ಹೊಗೆ, ಮೂಗು ಹರಿಯುವಂಥ ನಾತ. ಬಲೆಗೆ ಬೆಂಕಿ ತಾಗಿದರೆ ಮನೆಯೇ ಹೋಗುತ್ತದೆ ಎಂದು ದಾಮೋದರ ಗೋಣಿಯಲ್ಲಿ ಪೆಟ್ಟಿಗೆಯನ್ನು ಹಿಡಿದು ಅಂಗಳಕ್ಕೆ ಎಸೆಯಲು ಎತ್ತಿದ. ಅದು ಅವನ ಕೈಯಲ್ಲೇ ಒಡೆಯಿತು. ಒಂದು ಸಲ ಅಲ್ಲ, ಮಾಲೆ ಪಟಾಕಿಯ ಹಾಗೆ ಒಂದಾದ ಮೇಲೊಂದು. ಅವನು ಬಿಡಲಿಲ್ಲ, ಅಂಗಳದವರೆಗೆ ಹೋದ, ಆಮೇಲೆ ಬಿಟ್ಟ. ಬಿಡುವಾಗ ಗೋಣಿಯ ಜೊತೆ ಅಂಗೈಯ ಚರ್ಮವೂ ಹೋಯಿತು.

ಬೆಂಕಿ ಆರಿಸುವವರು ಬಂದು, ಆರಿತು ಎಂದುಕೊಂಡದ್ದು ಮತ್ತೆ ಹೊತ್ತಿಕೊಂಡಾಗ, ಉಳಿದದ್ದನ್ನು ಇಕ್ಕಳದಲ್ಲಿ ಹಿಡಿದು ನಮ್ಮ ನೀರಿನ ಡ್ರಮ್ಮಿಗೆ ಹಾಕಿದರು. ಅವರಲ್ಲೊಬ್ಬರು, "ಇಡೀ ದಿನ ಇದು ನೀರಿನೊಳಗೇ ಇರ್ಲಿ ಅಜ್ಜಿ, ತೆಗಿಬೇಡಿ" ಎಂದರು. ಡ್ರಮ್ಮಿನ ನೀರು ತುಂಬ ಹೊತ್ತು ಗುಳುಗುಳು ಎನ್ನುತ್ತಿತ್ತು.

ದಾಮೋದರನ ಎರಡೂ ಕೈಗೆ ತೊಡೆಯ ಚರ್ಮ ತೆಗೆದು ಹಾಕಿದರು. ಗಾಯ ಒಣಗಿತು, ಬೆರಳು ಮಡಚುವುದಿಲ್ಲ. ಬೋಟಿನಲ್ಲಿ ಹಗ್ಗ ಹಿಡಿಯಲಾಗದವನಿಗೆ ಕೆಲಸವಿಲ್ಲ. ಅವನಿಗೆ ಊಟ ಮಾಡಿಸುವುದು ಶಶಿ ಇದ್ದಾಗ ಶಶಿ, ಇಲ್ಲದಾಗ ನಾನು. ನಲವತ್ತಾರು ವರ್ಷದ ಗಂಡಸು ಅತ್ತೆಯ ಕೈಯಿಂದ ಗಂಜಿ ಉಣ್ಣುವಾಗ ಎಲ್ಲಿ ನೋಡಬೇಕು ಎಂದು ತಿಳಿಯದೆ ಗೋಡೆಯ ಕ್ಯಾಲೆಂಡರನ್ನು ನೋಡುತ್ತಾನೆ. ನಾನೂ ಕ್ಯಾಲೆಂಡರನ್ನೇ ನೋಡುತ್ತೇನೆ. ನಮ್ಮಿಬ್ಬರಿಗೂ ಈಗ ಎಲ್ಲ ಸಂಕಷ್ಟಿ, ಏಕಾದಶಿಗಳು ಬಾಯಿಪಾಠ.

ಪೊಲೀಸರಿಗೆ ದೂರು ಕೊಡುವ ದಿನ ವಿಷಯ ಗೊತ್ತಿದ್ದ ಪಕ್ಕದ ಮನೆಯವರು ನನಗೆ ಒಂದೇ ಮಾತು ಹೇಳಿದರು: ಒಲೆಯ ಸುದ್ದಿ ಎತ್ತಬೇಡಿ. ಚಾರ್ಜಿಗೆ ಇಟ್ಟದ್ದು ಒಡೆಯಿತು, ಅಷ್ಟು ಸಾಕು, ಸುಳ್ಳೂ ಅಲ್ಲ. ನಾನು ಸತ್ಯಸಂಧಳೇನಲ್ಲ; ಬೀಡಿ ಎಲೆ ಮಿಕ್ಕಿದಾಗ ಕಡಿಮೆ ಬಿತ್ತು ಎಂದು, ಎಲೆ ಕೊಟ್ಟು ಕಟ್ಟಿದ ಬೀಡಿ ತೆಗೆದುಕೊಳ್ಳುವ ಬ್ರಾಂಚಿನಲ್ಲಿ ಎಷ್ಟೋ ಸಲ ಹೇಳಿದವಳು. ಆದರೆ ಅಲ್ಲಿ ಬರೆದುಕೊಳ್ಳುತ್ತಿದ್ದ ಪೊಲೀಸಮ್ಮ ತಲೆ ಎತ್ತಿ, "ಅಜ್ಜಿ, ನೀರಲ್ಲಿ ಮುಳುಗಿದ ಮೇಲೆ ಅದಕ್ಕೆ ನೀವು ಎಂತಾದ್ರೂ ಮಾಡಿದ್ರಾ?" ಎಂದು ನೆಟ್ಟಗೆ ಕೇಳಿದಳು. ದಾಮೋದರ ಬ್ಯಾಂಡೇಜಿನ ಎರಡು ಕೈಯನ್ನೂ ತೊಡೆಯ ಮೇಲಿಟ್ಟು ಪಕ್ಕದಲ್ಲಿ ಕೂತಿದ್ದ. ಆ ಕೈ ನೋಡಿಕೊಂಡು ಇಲ್ಲ ಎನ್ನಲು ನನ್ನಿಂದಾಗಲಿಲ್ಲ.

"ಒಲೆಯ ಮೇಲೆ ಒಣಗಿಸಿದೆ" ಎಂದೆ. "ಅವನು ಒಣಗಿಸಿ ಅಂದ. ಹೇಗೆ ಅಂತ ಹೇಳಲಿಲ್ಲ."

ಪೊಲೀಸರು ಕರೆಸಿದ್ದ ಪ್ರವೀಣನೂ ಅಲ್ಲಿದ್ದ. "ಬ್ಯಾಟರಿಯನ್ನು ಯಾರಾದ್ರೂ ಒಲೆಗೆ ಇಡ್ತಾರಾ ಮೇಡಂ?" ಎಂದ.

"ಆಷಾಢದಲ್ಲಿ ಉಳ್ಳಾಲದವರು ಮತ್ತೆಲ್ಲಿ ಒಣಗಿಸುದು ಮಾರಾಯ, ನಿನ್ನ ತಲೆ ಮೇಲಾ?" ಎಂದೆ. ಪೊಲೀಸಮ್ಮ ನಗು ತಡೆದುಕೊಂಡಳು. ಸೇತುವೆಯ ಮೇಲೆ ಆದದ್ದನ್ನು, ಕೆಂಪು ಸ್ವಿಚ್ಚಿನ ವಿಷಯವನ್ನು ಎಲ್ಲ ಹೇಳಿದೆ. ಅವಳು ಎಲ್ಲ ಬರೆದುಕೊಂಡಳು. ಆದರೆ ಒಲೆ ಎಂಬ ಮಾತು ಬಿದ್ದ ಮೇಲೆ ಉಳಿದ ಮಾತುಗಳಿಗೆ ತೂಕವಿರಲಿಲ್ಲ. ಹೊರಗೆ ಬಂದಾಗ ಪ್ರವೀಣ ಮತ್ತೆ ನನ್ನ ಕಾಲು ಮುಟ್ಟಿದ. ಈ ಸಲ ನಿಜವಾದ ಭಕ್ತಿಯಿಂದ ಮುಟ್ಟಿದ.

ಅವನ ಶೆಡ್ಡು ಈಗಲೂ ಉಂಟು. ಫೋನಿನಲ್ಲಿ ಹಾಕುವ ಜಾಹೀರಾತಿಗೆ ಒಂದು ಸಾಲು ಸೇರಿದೆ ಎಂದು ಶಶಿ ಓದಿ ಹೇಳಿದಳು: ಬ್ಯಾಟರಿಯನ್ನು ಬೆಂಕಿಯ ಹತ್ತಿರ ಇಡಬಾರದು.

ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಬೀಡಿಯ ಬ್ರಾಂಚಿನಲ್ಲಿ ಚೆಕ್ಕರ್ ಎಂದು ಒಬ್ಬನಿರುತ್ತಾನೆ. ನಾವು ಕಟ್ಟಿ ತಂದ ಬೀಡಿಯ ಕಟ್ಟನ್ನು ಎತ್ತಿ, ಬೆರಳಲ್ಲಿ ಒತ್ತಿ, ಸಡಿಲವಾದದ್ದನ್ನು ನಮ್ಮ ಮುಖದ ಎದುರೇ ಮುರಿದು ಬುಟ್ಟಿಗೆ ಹಾಕುತ್ತಾನೆ. ಅವನಿಗೆ ನಾವು ಹಾಕಿದ ಶಾಪಕ್ಕೆ ಲೆಕ್ಕವಿಲ್ಲ. ನಾಲ್ಕು ಸಲ ಎಳೆದರೆ ಮುಗಿದುಹೋಗುವ, ಸೇದುವವನನ್ನೇ ತಿನ್ನುವ ಬೀಡಿಗೆ ಅಷ್ಟು ಪರೀಕ್ಷೆ. ಮನುಷ್ಯರು ಕೂತು ಸೇತುವೆ ದಾಟುವ ಗಾಡಿಯನ್ನು ಒಬ್ಬ ಶೆಡ್ಡಿನಲ್ಲಿ ಕಟ್ಟಿ ಮಾರಿದರೆ, ಒತ್ತಿ ನೋಡುವವನು ಯಾರೂ ಇಲ್ಲ. ಕೊಂಡವರೇ ಒತ್ತಿ ನೋಡಬೇಕು. ಅದೂ ಮೇಲೆ ಕೂತು.

ನಾನು ನಿಜ ಹೇಳಿದ್ದರಿಂದ ಎಲ್ಲರಿಗಿಂತ ನೆಮ್ಮದಿಯಾದದ್ದು ಗ್ರೇಸಿಬಾಯಿಗೆ. ಮೊದಲು ಹೆದರಿದ್ದಳು, ದಾಮೋದರನನ್ನು ಆಸ್ಪತ್ರೆಯಲ್ಲಿ ನೋಡಿ ಬಂದ ವಾರ ಗಾಡಿ ಮುಟ್ಟಿರಲಿಲ್ಲ. ಒಲೆಯ ಸುದ್ದಿ ಕೇಳಿದ ಮೇಲೆ ಮತ್ತೆ ತೆಗೆದಳು. ನಾನು ಅವಳ ಗೇಟಿನ ಹತ್ತಿರ ಹೋಗಿ ನಿಂತೆ.

"ಇದು ಬೇಡ ಗ್ರೇಸಿ, ಬಿಡು."

"ನನ್ನ ಮನೆಯಲ್ಲಿ ಒಲೆಯೇ ಇಲ್ಲ ಕಮಲಕ್ಕ, ಗ್ಯಾಸ್ ಮಾತ್ರ" ಎಂದು ನಕ್ಕಳು. "ನನ್ನ ಬ್ಯಾಟರಿಯನ್ನು ನಾನು ಹುರಿಯುದಿಲ್ಲ."

"ಎರಡೂ ಒಂದೇ ಕೈ ಕಟ್ಟಿದ್ದು."

"ತಗೊಳ್ಳಿ ಅಂದದ್ದೂ ನೀವೇ, ಬಿಡಿ ಅನ್ನುದೂ ನೀವೇ. ನನ್ನ ಕಾಲಿಗೆ ಯಾವುದನ್ನು ಹೇಳ್ಲಿ?"

ನಾನು ತಿರುಗಿ ಮನೆಗೆ ಬಂದೆ. ಒಲೆಗೆ ಇಡಲೇ ಇಲ್ಲ, ಪೊಲೀಸರ ಹೆದರಿಕೆಯಲ್ಲಿ ಬಾಯಿಗೆ ಬಂದದ್ದು ಹೇಳಿದೆ ಎಂದು ಅವಳಿಗೆ ಸುಳ್ಳು ಹೇಳಿದರೆ ಹೇಗೆ ಎಂದು ಎರಡು ದಿನ ಯೋಚಿಸಿದೆ. ಹೇಳಿಯೂ ಹೇಳಿದೆ. ಅವಳು ಟೀಚರು, ನನ್ನ ಮುಖ ನೋಡಿ, "ಸುಳ್ಳು ಹೇಳ್ಲಿಕ್ಕೆ ನಿಮಗೆ ಬರುದಿಲ್ಲ" ಎಂದಳು.

ಅದರ ಮುಂದಿನ ಆದಿತ್ಯವಾರ ಬೆಳಿಗ್ಗೆ ಅವಳು ಇಗರ್ಜಿಯ ಪೂಜೆಗೆ ಹೋಗಿದ್ದಳು. ನಾನು ಗೇಟಿನಿಂದ ಇಣುಕಿದೆ. ಮನೆಯ ಮುಂದಿನ ಸಿಟೌಟಿನಲ್ಲಿ, ತೆರೆದ ಕಿಟಕಿಯ ಪರದೆಯ ಕೆಳಗೆ, ನೀಲಿ ಪೆಟ್ಟಿಗೆ ಚಾರ್ಜಿಗೆ ಇತ್ತು. ಚಾರ್ಜರಿನಲ್ಲಿ ಕೆಂಪು ದೀಪ. ಮನೆಯಲ್ಲಿ ಯಾರೂ ಇಲ್ಲ. ಹೋಗಿ ಅಂಗೈ ಇಟ್ಟು ನೋಡಿದೆ. ಬಿಸಿಯಿತ್ತು. ಎಷ್ಟು ಬಿಸಿ ಎಂದರೆ ಹೇಳಲಾರೆ. ಬೀಡಿಯ ಕಾವಿನಲ್ಲಿ ನನ್ನ ಅಂಗೈಗಿದ್ದ ಜಂಬ ಆ ದಿನವೇ ಹೋಗಿತ್ತು. ಪ್ಲಗ್ಗು ಕಿತ್ತೆ. ಪೆಟ್ಟಿಗೆ ಎತ್ತಿದೆ, ಅಕ್ಕಿ ಮೂಟೆಯ ಭಾರ. ಸೊಂಟಕ್ಕೆ ಆನಿಸಿಕೊಂಡು ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ತೊಟ್ಟಿಯವರೆಗೆ ಹೊತ್ತೆ. ತೊಟ್ಟಿಯಲ್ಲಿ ಅವಳ ನೈಟಿ ನೆನೆಹಾಕಿತ್ತು. ಅದನ್ನು ತೆಗೆದು, ಹಿಂಡಿ, ತಂತಿಯ ಮೇಲೆ ಹರವಿದೆ. ಆಮೇಲೆ ಪೆಟ್ಟಿಗೆಯನ್ನು ಮುಳುಗಿಸಿದೆ. ಗುಳುಗುಳು ಎಂದಿತು.

ಓಡಿಹೋಗುವ ಪ್ರಾಯವಲ್ಲ. ಮೆಟ್ಟಿಲಲ್ಲಿ ಕೂತು ಅವಳಿಗೆ ಕಾದೆ.

"ನಿಮಗೆ ಹುಚ್ಚಾ ಕಮಲಕ್ಕ?" ಗ್ರೇಸಿಬಾಯಿಯ ಕೈಯಿಂದ ಜಪಮಾಲೆ ಜಾರಿತು. "ನಿಮ್ಮ ತಪ್ಪಿಗೆ ನನ್ನ ಗಾಡಿಗೆ ಶಿಕ್ಷೆಯಾ?"

"ಹೌದು."

"ಒಳ್ಳೆ ಬ್ಯಾಟರಿ! ಒಂದು ದಿನ ಸಹ ತೊಂದರೆ ಕೊಡದ್ದು!"

"ಇರಬಹುದು."

"ಇರಬಹುದು ಅಂತ ಹೇಳ್ಲಿಕ್ಕೆ ನಾಚಿಕೆ ಆಗುದಿಲ್ವಾ? ಹೋಗಿ. ಇನ್ನು ಈ ಗೇಟು ದಾಟ್ಬೇಡಿ."

ಎದ್ದು ಬಂದೆ. ಅದು ಒಳ್ಳೆಯ ಬ್ಯಾಟರಿಯೇ ಆಗಿತ್ತೋ ಏನೋ. ಚಾರ್ಜಿಗೆ ಇಟ್ಟದ್ದು ಬಿಸಿಯಾಗದೆ ತಣ್ಣಗಿರುತ್ತದಾ ಎಂದು ದಾಮೋದರನೂ ಕೇಳಿದ. ನೀರಿಗೆ ಹಾಕಿದ ಮೇಲೆ ಅದು ಒಡೆಯುತ್ತಿತ್ತೋ ಇಲ್ಲವೋ ಎಂದು ತೋರಿಸುವವರು ಯಾರೂ ಇಲ್ಲ. ಒಡೆದದ್ದನ್ನು ಜನರಿಗೆ ತೋರಿಸಬಹುದು, ಒಡೆಯದೆ ಉಳಿದದ್ದನ್ನು ತೋರಿಸುವುದು ಹೇಗೆ? ಓಣಿಯಲ್ಲಿ ಈಗ ನಾನು ಒಂದು ಬ್ಯಾಟರಿಯನ್ನು ಹುರಿದು ಇನ್ನೊಂದನ್ನು ಬೇಯಿಸಿದ ಮುದುಕಿ. ನೆನೆದ ಬ್ಯಾಟರಿಗೆ ಗ್ಯಾರಂಟಿ ಇಲ್ಲ, ಬೇಕಾದರೆ ಹೊಸದು ಕಟ್ಟಿಕೊಡುತ್ತೇನೆ ಎಂದು ಪ್ರವೀಣ ಹೇಳಿದನಂತೆ. ಹೊಸದು ಬಂದರೆ ಅದನ್ನೂ ಮುಳುಗಿಸುತ್ತೇನೆ ಎಂದು ನಾನು ಗೇಟಿನ ಹೊರಗೆ, ರಸ್ತೆಯಲ್ಲೇ ನಿಂತು, ನಾಲ್ಕು ಮನೆಗೆ ಕೇಳುವ ಹಾಗೆ ಹೇಳಿ ಬಂದೆ. ಇಷ್ಟರವರೆಗೆ ತಂದಿಲ್ಲ.

ಶಾಲೆ ಬಿಟ್ಟ ಮೇಲೆ ಗ್ರೇಸಿಬಾಯಿ ಬಸ್ಸಿನಿಂದ ಇಳಿದು ನಡೆದು ಬರುತ್ತಾಳೆ. ಇಳಿಯುವಾಗ ಒಂದು ಕಾಲು ಊರಿ, ಸ್ವಲ್ಪ ನಿಂತು, ಇನ್ನೊಂದನ್ನು ಊರುತ್ತಾಳೆ. ನೋವಿರಬೇಕು. ನಮ್ಮ ಮನೆಯ ಎದುರು ಬಂದಾಗ, ಮಳೆ ಇರಲಿ ಇಲ್ಲದಿರಲಿ, ಕೊಡೆಯನ್ನು ನನ್ನ ಕಡೆಗೆ ಓರೆ ಮಾಡಿ ಮುಖ ಮರೆಸಿಕೊಳ್ಳುತ್ತಾಳೆ. ನನಗೆ ಕಾಣುವುದು ಕೊಡೆ ಹಿಡಿದ ಕೈ ಮಾತ್ರ. ಐದು ಬೆರಳೂ ಮಡಚಿ, ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತವೆ. ಅದನ್ನು ನೋಡಿ ನಾನು ಒಳಗೆ ಹೋಗುತ್ತೇನೆ; ದಾಮೋದರನಿಗೆ ಚಾ ಕುಡಿಸುವ ಹೊತ್ತಾಗಿರುತ್ತದೆ.